ಬೆನ್ನು ತಿರುಗಿಸದ ಪಾದದಕ್ಕ

ಊರಿನ್ನೂ ಮಗ್ಗುಲು ಬದಲಿಸುತ್ತಿರುವ ಹೊತ್ತಿಗೇ ಆಸ್ಪತ್ರೆಯ ಹಿಂಬದಿಯ ವ್ಯಾಯಾಮದ ಕೋಣೆಯಲ್ಲಿ ದೀಪ ಉರಿಯುತ್ತಿದೆ. ಬಾಗಿಲ ಹೊರಗೆ ಚಪ್ಪಲಿ, ಬೂಟುಗಳ ಸಾಲು. ಅದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ ಹೆಂಗಸೊಬ್ಬರು ಒಂದೊಂದನ್ನೇ ಎತ್ತಿ, ಮಗುಚಿ, ಹಿಮ್ಮಡಿಯ ಜಾಗವನ್ನು ಹೆಬ್ಬೆರಳಿನಿಂದ ಸವರಿ ನೋಡುತ್ತಾರೆ. ಗೊತ್ತಿಲ್ಲದವರು ಕಂಡರೆ ಚಪ್ಪಲಿ ಕಳ್ಳಿ ಎಂದುಕೊಂಡು ಕೂಗು ಹಾಕಿಯಾರು.

"ಈ ಬೂಟು ಯಾರದ್ದು? ಒಳಗಡೆನೇ ಸವೆದಿದೆಯಲ್ಲ! ದಿನಾ ಮಾಡ್ತೀನಿ ಅಂತ ನಿನ್ನೆ ತಾನೇ ಹೇಳಿದ್ರಿ?"

ಒಳಗೆ ಕನ್ನಡಿಯ ಮುಂದೆ ನಿಂತಿರುವ ಬಸ್ ಕಂಡಕ್ಟರ್ ನಾಲಗೆ ಕಚ್ಚಿಕೊಳ್ಳುತ್ತಾರೆ. "ಅಕ್ಕಾ, ಅದು ಹಳೇ ಬೂಟು. ಹೋದ ವರ್ಷದ್ದು."

"ಹಾಗಾದ್ರೆ ಹೊಸದು ಹಾಕ್ಕೊಂಡು ಓಡಾಡಿ. ಅದು ಸವೆದ ಮೇಲೆ ನಿಮ್ಮ ಮಾತು ನಂಬ್ತೀನಿ."

ಇವರು ಪಾದದಕ್ಕ. ಹಾಜರಿಯಲ್ಲಿ ಬೇರೇನೋ ಹೆಸರಿರಬಹುದು, ಅದನ್ನು ಹಿಡಿದು ಕೇಳಿದರೆ ಆಸ್ಪತ್ರೆಯ ಕಾವಲುಗಾರನೂ ತಲೆ ಕೆರೆದುಕೊಳ್ಳುತ್ತಾನೆ. ಚಪ್ಪಟೆ ಪಾದದವರಿಗೆ, ನಡೆಯುವಾಗ ಮಂಡಿ ಒಳಕ್ಕೆ ಕುಸಿಯುವವರಿಗೆ ವ್ಯಾಯಾಮ ಮಾಡಿಸುವುದು ಇವರ ಕೆಲಸ. ಯಾರಿಗೆ ಯಾವ ವ್ಯಾಯಾಮ ಎಂದು ತೀರ್ಮಾನಿಸುವವರು ಫಿಸಿಯೋ ಮೇಡಂ. ಅದನ್ನು ದಿನದಿನವೂ ಬೆನ್ನು ಬಿಡದೆ ಮಾಡಿಸುವವರು ಪಾದದಕ್ಕ. ದಿನಕ್ಕೆ ಮೂವತ್ತು ನಲವತ್ತು ಜೋಡಿ ಕಾಲುಗಳು ಇವರ ಕಣ್ಣ ಮುಂದೆ ಹಾದುಹೋಗುತ್ತವೆ. ಅವುಗಳಲ್ಲಿ ಒಂದನ್ನೂ ಇವರು ನಂಬುವುದಿಲ್ಲ. ಇವರ ಬಗ್ಗೆ ಬರೆಯಲು ಹೋದವರ ಚಪ್ಪಲಿಗೂ ವಿನಾಯಿತಿ ಸಿಗಲಿಲ್ಲ. "ಕೂತು ಕೂತು ಬರೆಯೋರು ಅಲ್ವಾ? ಸೊಂಟದಲ್ಲಿ ಶಕ್ತಿನೇ ಇಲ್ಲ, ಬನ್ನಿ ಒಳಗೆ" ಎಂದದ್ದೇ ಮೊದಲ ಮಾತು.

ಮನೆಯಲ್ಲಿ ಯಜಮಾನರು ಇವರನ್ನು ಅನುಮಾನದ ಪಿಶಾಚಿ ಎಂದೇ ಕರೆಯುತ್ತಾರಂತೆ. ಅದಕ್ಕೆ ಇವರಿಗೇನೂ ಬೇಸರವಿಲ್ಲ. "ಈ ಕೋಣೆಗೆ ಬಂದು ಎರಡು ದಿನ ಕೂತಿರಲಿ, ಅವರೂ ಪಿಶಾಚಿ ಆಗ್ತಾರೆ" ಎನ್ನುತ್ತಾರೆ.

ಮಾತಿನಲ್ಲಿ ಸುಳ್ಳಿಲ್ಲ. ಇಲ್ಲಿ ಮಾಡಿಸುವ ವ್ಯಾಯಾಮಗಳು ನೋಡುವುದಕ್ಕೆ ಮಕ್ಕಳಾಟದಂತಿವೆ. ಬೆರಳು ಮಡಿಸದೆ ಪಾದದ ನಡುವನ್ನಷ್ಟೇ ಮೇಲಕ್ಕೆ ಎಳೆದುಕೊಳ್ಳಬೇಕು. ಹಿಮ್ಮಡಿಗಳ ನಡುವೆ ಚೆಂಡು ಅದುಮಿಕೊಂಡು ತುದಿಗಾಲಿನಲ್ಲಿ ಏಳಬೇಕು. ಮಗ್ಗುಲಾಗಿ ಮಲಗಿ, ತೊಡೆಗೆ ರಬ್ಬರ್ ಪಟ್ಟಿ ಸುತ್ತಿಕೊಂಡು, ಕಪ್ಪೆಚಿಪ್ಪು ಬಾಯಿ ತೆರೆದಂತೆ ಮೇಲಿನ ಮಂಡಿಯನ್ನು ತೆರೆಯಬೇಕು. ಪಾದ ಕುಸಿದರೆ ಮಂಡಿ ಒಳಕ್ಕೆ ವಾಲುತ್ತದೆ, ಸೊಂಟ ಸೋತರೂ ವಾಲುತ್ತದೆ. ಹಾಗಾಗಿ ಎರಡು ಕಡೆಯಿಂದಲೂ ಮಂಡಿಗೆ ಆಸರೆ ಕೊಡಬೇಕು. ಆದರೆ ಮನುಷ್ಯರು ಕಳ್ಳಾಟದಲ್ಲಿ ಎತ್ತಿದ ಕೈ. ಪಾದದ ನಡು ಎತ್ತಿ ಎಂದರೆ ಬೆರಳು ಮುದುರುತ್ತಾರೆ. ಮಂಡಿ ತೆರೆಯಿರಿ ಎಂದರೆ ಇಡೀ ಮೈಯನ್ನೇ ಹಿಂದಕ್ಕೆ ಹೊರಳಿಸಿ ಮಂಡಿ ತೆರೆದಂತೆ ತೋರಿಸುತ್ತಾರೆ. ಆಚೆ ನೋಡಿದರೆ ನಿಲ್ಲಿಸುತ್ತಾರೆ, ಈಚೆ ನೋಡಿದರೆ ಶುರು ಮಾಡುತ್ತಾರೆ.

ಅದಕ್ಕೇ ಪಾದದಕ್ಕ ಕೋಣೆಯಲ್ಲಿದ್ದಷ್ಟು ಹೊತ್ತು ಯಾರಿಗೂ ಬೆನ್ನು ತಿರುಗಿಸುವುದಿಲ್ಲ. ಬೀರುವಿನಿಂದ ರಬ್ಬರ್ ಪಟ್ಟಿ ಬೇಕಾದರೆ ಹಿಮ್ಮುಖವಾಗಿ ನಡೆದು ಹೋಗಿ, ಕೈಯನ್ನಷ್ಟೇ ಹಿಂದೆ ಚಾಚಿ ತಡಕಾಡಿ ತರುತ್ತಾರೆ. ಒಮ್ಮೆ ಹೀಗೇ ಹೋಗುವಾಗ ನೀರಿನ ಬಕೆಟ್ಟಿನಲ್ಲಿ ಕುಳಿತುಬಿಟ್ಟದ್ದೂ ಉಂಟು. ಆಗಲೂ ಕಣ್ಣು ಕಾಲುಗಳ ಮೇಲೇ ಇತ್ತಂತೆ.

ಈ ಅನುಮಾನ ಹುಟ್ಟಿನಿಂದ ಬಂದದ್ದಲ್ಲ. ಅಪ್ಪನದು ಚಪ್ಪಲಿ ರಿಪೇರಿಯ ಸಣ್ಣ ಅಂಗಡಿ. ಹಿಮ್ಮಡಿ ಎಲ್ಲಿ ಸವೆದಿದೆ ಎಂದು ನೋಡುವುದನ್ನು ಕಲಿತದ್ದು ಅಲ್ಲೇ. ಮನೆಯಲ್ಲಿ ಎಲ್ಲರಿಗಿಂತ ಬೇಗ ಚಪ್ಪಲಿ ಸವೆಸುತ್ತಿದ್ದವಳು ತಂಗಿ. ನಡೆದರೆ ಅವಳ ಮಂಡಿಗಳು ಒಂದಕ್ಕೊಂದು ಉಜ್ಜುತ್ತಿದ್ದವು. ಬೀದಿಯ ಮಕ್ಕಳು ಅವಳ ನಡಿಗೆಯನ್ನು ಅಣಕಿಸುತ್ತಿದ್ದರು. ಆಗ ಯಾರೋ ಪುಣ್ಯಾತ್ಮರು ಹೇಳಿಕೊಟ್ಟ ವ್ಯಾಯಾಮವನ್ನು ದಿನವೂ ಮಾಡಬೇಕೆಂದು ಅಕ್ಕ ಕಟ್ಟಪ್ಪಣೆ ಮಾಡಿದ್ದರು. ತಂಗಿ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದು "ಮಾಡಿದೆ ಅಕ್ಕಾ" ಎನ್ನುತ್ತಿದ್ದಳು.

"ಒಂದು ದಿನಾನೂ ಮಾಡಿರಲಿಲ್ಲ" ಎನ್ನುವಾಗ ಪಾದದಕ್ಕನ ಧ್ವನಿ ತಗ್ಗುತ್ತದೆ. "ನೋಯ್ತಿತ್ತಂತೆ. ನಾಚಿಕೆ ಬೇರೆ. ಬಾಗಿಲಿಗೆ ಒರಗಿ ಕೂತಿರ್ತಿದ್ಲಂತೆ. ನಾನು ನಂಬಿದೆ. ಒಡಹುಟ್ಟಿದವಳು ಸುಳ್ಳು ಹೇಳ್ತಾಳೆ ಅಂತ ಯಾರಾದ್ರೂ ಅಂದ್ಕೋತಾರಾ?"

ಇಂದು ತಂಗಿ ಕೋಲು ಹಿಡಿದು ನಡೆಯುತ್ತಾರೆ. ಮಂಡಿ ಸವೆಯಲು ಬೇರೆ ಕಾರಣಗಳೂ ಇರುತ್ತವೆ ಎಂದು ಮೇಡಂ ಹೇಳಿದ್ದಾರೆ. ಅದನ್ನೂ ಪಾದದಕ್ಕ ನಂಬಿಲ್ಲ. ಇದೇ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿ, ಬಾಗಿಲ ಸಂದಿಯಿಂದ ನೋಡಿ ನೋಡಿ ಕಲಿತು, ಮೇಡಂ ಕೈಕೆಳಗೆ ಪಳಗಿ ಈ ಕೋಣೆಯೊಳಗೆ ಬಂದವರು ಅವರು.

ಅವರ ಅನುಮಾನಕ್ಕೆ ಒಂದೇ ಒಂದು ಸಾಕ್ಷಿ ಬೇಕಿತ್ತು. ಅದಕ್ಕಾಗಿ ಕೋಣೆಯ ನಡುವೆ ಕಪ್ಪು ಕಲ್ಲಿನ ಚಪ್ಪಡಿಯೊಂದನ್ನು ಹಾಕಿಸಿಕೊಂಡಿದ್ದರು. ಪಾದ ಒದ್ದೆ ಮಾಡಿಕೊಂಡು ಅದರ ಮೇಲೆ ನಿಲ್ಲಬೇಕು. ಇಡೀ ಪಾದದ ಅಚ್ಚು ಮೂಡಿದರೆ ಮತ್ತೆ ವ್ಯಾಯಾಮಕ್ಕೆ. ಒಳಬದಿ ಖಾಲಿ ಬಿಟ್ಟ ಅಚ್ಚು ಬಿದ್ದರೆ "ಭೇಷ್!" ಎನ್ನುತ್ತಿದ್ದರು, ಕೋಣೆಯವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಅವರ ಬಾಯಿಂದ ಒಂದು ಭೇಷ್ ಗಿಟ್ಟಿಸುವುದೆಂದರೆ ಸುಮ್ಮನೆ ಅಲ್ಲ. ಆದರೆ "ಅಚ್ಚನ್ನೇ ಅಷ್ಟು ಹಚ್ಚಿಕೋಬೇಡಿ ಅಕ್ಕಾ" ಎಂದು ಮೇಡಂ ಆಗಾಗ ಹೇಳುತ್ತಿದ್ದರು. "ಪಾದ ಚಪ್ಪಟೆ ಇದ್ರೂ ಗಟ್ಟಿಮುಟ್ಟಾಗಿ ಓಡಾಡೋರು ಬೇಕಾದಷ್ಟು ಜನ ಇದ್ದಾರೆ. ಮೆಟ್ಟಿಲು ಇಳಿಯುವಾಗ ಮಂಡಿ ಎತ್ತ ಹೋಗುತ್ತೆ ನೋಡಿ." ವಯಸ್ಸಿನ್ನೂ ಚಿಕ್ಕದು, ಕೆಲಸ ಹಗುರ ಮಾಡಿಕೊಳ್ಳುವ ದಾರಿ ಇರಬೇಕು ಎಂದು ಪಾದದಕ್ಕ ಆ ಮಾತಿನ ಮೇಲೂ ಅನುಮಾನಪಟ್ಟರು.

ಹೀಗಿರುವಾಗ ಬಂದವಳು ಓಟಗಾರ್ತಿ. ಅಗ್ನಿಶಾಮಕ ದಳ ಸೇರಬೇಕೆಂಬ ಹುಡುಗಿ. ಓಟದಲ್ಲಿ ಎಲ್ಲರನ್ನೂ ಹಿಂದೆ ಹಾಕಿದ್ದಳು. ಆದರೆ ವೈದ್ಯಕೀಯ ಪರೀಕ್ಷೆಯಲ್ಲಿ ಭಾರ ಹೊತ್ತು ಕಟ್ಟೆಯಿಂದ ಇಳಿಯುವಾಗ ಅವಳ ಮಂಡಿಗಳು ಒಳಕ್ಕೆ ಮಡಚಿಕೊಂಡವು. ಇನ್ನೊಂದೇ ಅವಕಾಶ ಇತ್ತು. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತದೆ. ಜೊತೆಗೆ ತಾಯಿ ಬಂದಿದ್ದರು. ಇಸ್ತ್ರಿ ಅಂಗಡಿಯಲ್ಲಿ ದಿನವಿಡೀ ನಿಂತು ದುಡಿಯುವ ಹೆಂಗಸು, ಮಾತು ಕಡಿಮೆ, ನೋಟ ಚೂಪು.

"ಇದರಿಂದ ಆಗುತ್ತಾ?" ಎಂದು ತಾಯಿ ಮೊದಲ ದಿನವೇ ಕೇಳಿದರು. "ಆಗಲೇ ಬೇರೆ ಕಡೆ ಮೋಸ ಹೋಗಿ ಬಂದಿದ್ದೀವಿ. ಚೆಂಡು ಅದುಮಿ ಕಾಲಾಡಿಸಿದ್ರೆ ಕಾಲು ನೆಟ್ಟಗಾಗುತ್ತೆ ಅಂದ್ರೆ ಹೇಗೆ ನಂಬೋದು?"

"ನೀವು ನಂಬಬೇಡಿ, ನಾನೂ ನಂಬಲ್ಲ. ಇವಳು ಮಾಡ್ಲಿ" ಎಂದರು ಪಾದದಕ್ಕ. ಇಬ್ಬರದೂ ಒಂದೇ ಜಾತಕ ಎಂದು ಮೇಡಂ ನಕ್ಕರು.

ಹೆಚ್ಚು ದಿನ ಕಳೆಯಲಿಲ್ಲ. ಓಟಗಾರ್ತಿ ಚಪ್ಪಡಿಯ ಮೇಲೆ ನಿಂತು ಇಳಿದಾಗ ಒಳಬದಿ ಖಾಲಿ ಇರುವ ಅಚ್ಚು ಬಿತ್ತು, ಚಿತ್ರ ಬರೆದಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಪಾದದಕ್ಕ ಮಾತ್ರ ಭೇಷ್ ಎನ್ನಲಿಲ್ಲ. ಇಷ್ಟು ಬೇಗ ಯಾರ ಪಾದವೂ ಎದ್ದದ್ದನ್ನು ಅವರು ಕಂಡಿರಲಿಲ್ಲ. ಇದರಲ್ಲೇನೋ ಮಸಲತ್ತಿದೆ ಎಂದು ಮನಸ್ಸು ಕುಟುಕಿತು.

ಮರುದಿನ ಅವರು ಹಳೆಯ ಕಸುಬಿಗೆ ಕೈ ಹಾಕಿದರು. ಓಟಗಾರ್ತಿ ಬರುವ ಹೊತ್ತಿಗೆ ಸರಿಯಾಗಿ ಪಡಸಾಲೆಯ ಒಂದು ತುದಿಗೆ ನೀರು ಚೆಲ್ಲಿ, ಉಳಿದ ನೆಲವನ್ನು ಒಣ ಬಟ್ಟೆಯಿಂದ ಒರೆಸಿ, ಬಾಗಿಲ ಮರೆಯಲ್ಲಿ ನಿಂತರು. ಚಪ್ಪಲಿ ಬಿಟ್ಟ ಹುಡುಗಿ ನೀರು ತುಳಿದು, ಪಾಪ, ಏನೂ ಗೊತ್ತಿಲ್ಲದೆ ಹಾಡು ಗುನುಗಿಕೊಂಡು ನಡೆದು ಬಂದಳು. ಅವಳ ಹಿಂದೆ ಒಣ ನೆಲದ ಮೇಲೆ ಸಾಲಾಗಿ ಮೂಡಿದ್ದವು ಅಚ್ಚುಗಳು, ಬಾತುಕೋಳಿ ನಡೆದಂತೆ, ಒಂದಿಷ್ಟೂ ಖಾಲಿ ಜಾಗ ಇಲ್ಲದೆ.

"ಯಾರು ಹೇಳಿಕೊಟ್ಟಿದ್ದು?" ಪಾದದಕ್ಕ ಕೇಳಿದ್ದು ಅಷ್ಟೇ. ಹುಡುಗಿ ಹಿಂದಿರುಗಿ ನೆಲ ನೋಡಿದಳು. ಮುಖ ಬಿಳಿಚಿಕೊಂಡಿತು.

"ನಾನೇ" ಎಂದರು ಹಿಂದೆಯೇ ಬಂದ ತಾಯಿ. "ಹೊರಗಂಚಿನ ಮೇಲೆ ಭಾರ ಹಾಕಿ ನಿಂತ್ರೆ ಅಚ್ಚು ಚೆನ್ನಾಗಿ ಬೀಳುತ್ತೆ. ಬಚ್ಚಲಲ್ಲಿ ನಿಲ್ಲಿಸಿ ದಿನಾ ಅಭ್ಯಾಸ ಮಾಡಿಸಿದ್ದೀನಿ. ಏನು ತಪ್ಪು? ನೀವು ಭೇಷ್ ಅನ್ನೋದು ಅಚ್ಚಿಗೇ ತಾನೆ? ಪರೀಕ್ಷೆಯವರೂ ಪಾದದ ಅಚ್ಚು ನೋಡ್ತಾರಂತಲ್ಲ?"

"ಹೊರಗಂಚಿನ ಮೇಲೆ ನಿಂತು ಏಣಿ ಇಳಿಯೋಕಾಗುತ್ತೇನಮ್ಮಾ? ಕಾಲು ಉಳುಕಿದ್ರೆ ಆಸ್ಪತ್ರೆಯಲ್ಲಿ ಮಲಗೋದು ನಿಮ್ಮ ಮಗಳೇ!"

"ಅವಳು ಮುಂದೆ ಹೋಗೋದು ನಿಮಗೆ ಇಷ್ಟ ಇಲ್ಲ. ನಿಮ್ಮ ತಂಗಿ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಅವರಿಗೆ ಆಗ್ಲಿಲ್ಲ ಅಂತ ನನ್ನ ಮಗಳಿಗೂ ಆಗಬಾರದಾ?"

ಪಾದದಕ್ಕನಿಗೆ ಕೆನ್ನೆಗೆ ಬಾರಿಸಿದಂತಾಯಿತು. ಆದರೆ ಹೆಚ್ಚು ಚುಚ್ಚಿದ್ದು ತಂಗಿಯ ಮಾತಲ್ಲವಂತೆ, ಅಚ್ಚಿನ ಮಾತು. "ಭೇಷ್ ಭೇಷ್ ಅಂತ ನಾನೇ ಅಲ್ವಾ ಅಚ್ಚಿನ ಹುಚ್ಚು ಹಿಡಿಸಿದ್ದು? ಎಲ್ಲರನ್ನೂ ಅನುಮಾನಪಟ್ಟೆ, ಆ ಕಲ್ಲೊಂದನ್ನ ಮಾತ್ರ ಕಣ್ಮುಚ್ಚಿ ನಂಬಿದ್ದೆ" ಎಂದು ಹೇಳಿ ಈಗ ನಗುತ್ತಾರೆ. ಆವತ್ತು ನಗುವ ಸ್ಥಿತಿಯಲ್ಲಿರಲಿಲ್ಲ.

ಅವರು ಮೇಡಂ ಬಳಿ ಹೋಗಿ "ನೀವು ಹೇಳಿದ್ದು ಸರಿ ಇತ್ತು" ಎಂದರು. ಮೇಡಂಗೆ ತಮ್ಮ ಕಿವಿಯ ಮೇಲೇ ಅನುಮಾನ ಬಂತು. ಮಧ್ಯಾಹ್ನದ ಹೊತ್ತಿಗೆ ಚಪ್ಪಡಿ ಕೋಣೆಯ ನಡುವಿನಿಂದ ಎದ್ದಿತ್ತು. ಎರಡು ಸಾಲು ಇಟ್ಟಿಗೆಗಳ ಮೇಲೆ ಅದನ್ನು ಅಲ್ಲಾಡದಂತೆ ಕೂರಿಸಿ ಮೆಟ್ಟಿಲು ಮಾಡಲಾಯಿತು. ಅಂದಿನಿಂದ ಅಚ್ಚಿಗೆ ಭೇಷ್ ಇಲ್ಲ. ಒಂದು ಕಾಲಿನ ಮೇಲೆ ಭಾರ ಬಿಟ್ಟು ನಿಧಾನ ಇಳಿಯುವಾಗ, ಮಂಡಿ ಒಳಕ್ಕೆ ವಾಲದೆ ಹೆಬ್ಬೆರಳಿನ ಪಕ್ಕದ ಬೆರಳಿನ ನೇರಕ್ಕೆ ನಿಂತರೆ ಮಾತ್ರ ಭೇಷ್.

ಮೊದಲು ಅದನ್ನು ಹತ್ತಿಸಿದ್ದು ಓಟಗಾರ್ತಿಯನ್ನಲ್ಲ. "ಬನ್ನಿ, ನೀವು ಹತ್ತಿ" ಎಂದು ಪಾದದಕ್ಕ ತಾಯಿಯನ್ನು ಕರೆದರು. ಇದೇನು ಸೇಡೋ ಎಂದು ಅನುಮಾನಿಸುತ್ತಲೇ ತಾಯಿ ಹತ್ತಿದರು. ಇಳಿಯುವಾಗ ಅವರ ಮಂಡಿಯೂ ಮಗಳದರಂತೆಯೇ ಒಳಕ್ಕೆ ಮಡಚಿತು. ನೋವಿಗೆ ಹಲ್ಲು ಕಚ್ಚಿಕೊಂಡರು. ಎಷ್ಟು ವರ್ಷಗಳಿಂದ ಆ ನೋವಿನ ಮೇಲೆ ನಿಂತು ಇಸ್ತ್ರಿ ಹಾಕಿದ್ದರೋ, ಯಾರೂ ಕೇಳಿರಲಿಲ್ಲ.

"ಇದು ಇವಳಿಗೆ ಬರಬಾರದು ಅಂತಲೇ ಹಾಗೆ ಮಾಡಿದ್ದು" ಎಂದು ತಾಯಿ ಕಣ್ಣೊರೆಸಿಕೊಂಡರು.

"ಗೊತ್ತಾಯ್ತು. ನಾಳೆಯಿಂದ ಇಬ್ರೂ ಮಾಡಿ. ಒಬ್ಬರ ಮಂಡಿ ಇನ್ನೊಬ್ಬರು ನೋಡಿ."

ವಾರಗಳು ಉರುಳಿದವು. ಓಟಗಾರ್ತಿಯ ಪಾದದ ಅಚ್ಚು ಹೇಳಿಕೊಳ್ಳುವಷ್ಟೇನೂ ಬದಲಾಗಲಿಲ್ಲ. ಆದರೆ ಸೊಂಟ ಗಟ್ಟಿಯಾಯಿತು, ಮಂಡಿ ಮಾತು ಕೇಳತೊಡಗಿತು. ಪರೀಕ್ಷೆಯ ಹಿಂದಿನ ದಿನ ಮೇಡಂ ಬಂದು "ಏನಕ್ಕಾ, ಕಳಿಸಬಹುದಾ?" ಎಂದು ಕೇಳಿದರು. ಹುಡುಗಿ ಮರಳಿನ ಚೀಲ ಹೆಗಲಿಗೇರಿಸಿಕೊಂಡು ಮೆಟ್ಟಿಲ ಪಕ್ಕ ನಿಂತಿದ್ದಳು. ಪಾದದಕ್ಕ ಅವಳ ಕಾಲುಗಳನ್ನೊಮ್ಮೆ ನೋಡಿದರು. ಆಮೇಲೆ ಗೋಡೆಯ ಕಡೆ ತಿರುಗಿ ನಿಂತರು.

ಚೆಂಡು ಅದುಮಿಕೊಂಡು ತುದಿಗಾಲಿನಲ್ಲಿದ್ದ ಕಂಡಕ್ಟರ್ ಚೆಂಡು ಬೀಳಿಸಿಕೊಂಡರು. ಆ ಕೋಣೆಯಲ್ಲಿ ಯಾರೂ ಪಾದದಕ್ಕನ ಬೆನ್ನು ನೋಡಿರಲಿಲ್ಲ.

"ಶುರು ಮಾಡು" ಎಂದರು ಗೋಡೆಗೆ. ಹುಡುಗಿ ಹತ್ತಿದಳು, ಇಳಿದಳು. ಹತ್ತಿದಳು, ಇಳಿದಳು. ಪಾದದಕ್ಕನ ಕಿವಿಗೆ ಬಿದ್ದದ್ದು ಹೆಜ್ಜೆಯ ಸಪ್ಪಳ, ಏದುಸಿರು ಅಷ್ಟೇ. ಕುತ್ತಿಗೆ ತಿರುಗಿಸಬೇಕೆಂಬ ಆಸೆ ಎಷ್ಟಿತ್ತೆಂದರೆ ಗೋಡೆಯ ಮೊಳೆಯೊಂದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರಂತೆ. ಸಪ್ಪಳ ನಿಂತಿತು.

"ಮಂಡಿ ಒಳಗೆ ಹೋಯ್ತಾ?"

ಪಕ್ಕದಲ್ಲಿ ನಿಂತಿದ್ದ ತಾಯಿ ಮಗಳತ್ತ ನೋಡಿದರು.

"ಒಂದು ಸಲ ಹೋಯ್ತು ಅಕ್ಕಾ. ಎಡಗಾಲು. ಕೊನೇ ಸಲ ಇಳಿಯುವಾಗ" ಎಂದಳು ಹುಡುಗಿ.

ಪಾದದಕ್ಕ ತಿರುಗಿದರು. ಕಣ್ಣು ತುಂಬಿಕೊಂಡಿತ್ತು, ಅದನ್ನು ಅಡಗಿಸಲೂ ಹೋಗಲಿಲ್ಲ. "ಎಲ್ಲಿ ತಪ್ಪಿತು ಅಂತ ಅವಳಿಗೇ ಗೊತ್ತಾಗುತ್ತೆ, ಮುಚ್ಚಿಡೋದೂ ಇಲ್ಲ. ಕಳಿಸಿ ಮೇಡಂ" ಎಂದರು.

ಓಟಗಾರ್ತಿ ಈಗ ತರಬೇತಿಯಲ್ಲಿದ್ದಾಳೆ. ಆಯ್ಕೆಯಾದೆ ಎಂದು ಅವಳು ಫೋನ್ ಮಾಡಿದಾಗ "ರಜೆಗೆ ಬಂದಾಗ ಬೂಟು ತೋರಿಸು, ಆಮೇಲೆ ನಂಬ್ತೀನಿ" ಎಂದಿದ್ದರಂತೆ. ತಾಯಿ ಇಸ್ತ್ರಿ ಅಂಗಡಿ ತೆರೆಯುವ ಮುಂಚೆ ದಿನವೂ ಇಲ್ಲಿಗೆ ಬರುತ್ತಾರೆ. ಅವರ ಪಕ್ಕದ ಕುರ್ಚಿಯಲ್ಲಿ ಕುಳಿತು, ಕೋಲನ್ನು ಗೋಡೆಗೆ ಒರಗಿಸಿ, ತೊಡೆಗೆ ರಬ್ಬರ್ ಪಟ್ಟಿ ಕಟ್ಟಿಕೊಂಡಿರುವವರು ಪಾದದಕ್ಕನ ತಂಗಿ. ಮೇಡಂ ಅವರಿಗೆಂದೇ ಹಗುರವಾದ ವ್ಯಾಯಾಮ ಹೇಳಿದ್ದಾರೆ. ಮಂಡಿ ಹೊಸದಾಗುವುದಿಲ್ಲ, ನೋವು ಕಡಿಮೆಯಾದರೆ ಆಗಬಹುದು.

ನಿಮ್ಮದೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಪಾದದಕ್ಕ ಪ್ರಶ್ನೆಯಲ್ಲಿ ಏನು ಹುನ್ನಾರವಿದೆ ಎಂಬಂತೆ ಮುಖ ನೋಡುತ್ತಾರೆ. ಆಮೇಲೆ ಹೇಳುತ್ತಾರೆ: "ಎಲ್ಲರ ಪಾದ ನೆಟ್ಟಗಾಗಲಿ ಅಂತ ನಾನೇನೂ ಕೇಳ್ತಿಲ್ಲ. ಮಾಡ್ಲಿಲ್ಲ ಅಂದ್ರೆ ಮಾಡ್ಲಿಲ್ಲ ಅಂತ ಹೇಳಿ, ಅಷ್ಟೇ. ಬೈತೀನಿ. ಆಮೇಲೆ ಪಕ್ಕದಲ್ಲಿ ಕೂತು ಮಾಡಿಸ್ತೀನಿ."

ಕುರ್ಚಿಯಿಂದ ತಂಗಿಯ ಧ್ವನಿ ಕೇಳುತ್ತದೆ. "ಅಕ್ಕಾ, ನಿನ್ನೆ ಮನೇಲಿ ಮಾಡ್ಲಿಲ್ಲ."

"ಸರಿ" ಎನ್ನುತ್ತಾ ಪಾದದಕ್ಕ ಇನ್ನೊಂದು ಕುರ್ಚಿ ಎಳೆದುಕೊಳ್ಳುತ್ತಾರೆ.