ಯಾರ ಕಡೆಯವರೆಂದು ಕೇಳುವ ಊರಲ್ಲಿ ಕಾರು ಕೊಂಡದ್ದು

ಕುರ್ಚಿಯಿಂದ ಎದ್ದು, ಬ್ಯಾಗು ಹೆಗಲಿಗೇರಿಸಿ, ‘ಹಂಗಾರ ಬ್ಯಾಡ ಬಿಡ್ರಿ’ ಎಂದು ಶೋರೂಮಿನ ಬಾಗಿಲ ಕಡೆ ನಡೆದೆ. ನಮ್ಮ ಗದಗಿನ ಯಾವ ಅಂಗಡಿಯಲ್ಲಾದರೂ ಮೂರನೇ ಹೆಜ್ಜೆಗೆ ‘ಬರ್ರಿ ಅಕ್ಕಾರ, ಹಿಂಗ ಸಿಟ್ಟಿಗೆದ್ರ ಹೆಂಗ’ ಎಂಬ ಕೂಗು ಬೆನ್ನಿಗೆ ಬೀಳಬೇಕು. ಚಿಕ್ಕಮಗಳೂರಿನ ಆ ಮ್ಯಾನೇಜರು ನನಗಿಂತ ಮೊದಲೇ ಬಾಗಿಲಿಗೆ ಬಂದು, ಗಾಜಿನ ಕದ ತೆರೆದು ಹಿಡಿದು, ‘ಹುಷಾರಾಗಿ ಹೋಗ್ಬನ್ನಿ ಮೇಡಂ, ಮಳೆ ಬರೋ ಹಾಗಿದೆ’ ಎಂದ. ಗೇಟಿನ ಹತ್ತಿರ ನಿಂತು ಸುಮ್ಮಸುಮ್ಮನೆ ಚಪ್ಪಲಿ ಸರಿಮಾಡಿಕೊಂಡೆ. ಛತ್ರಿ ಬಿಚ್ಚಿದೆ, ಮಡಚಿದೆ. ಯಾರೂ ಕರೆಯಲಿಲ್ಲ. ಮೂಡಿಗೆರೆಯ ಬಸ್ಸು ಹತ್ತಿ ಕೂತ ಮೇಲೂ ಕಿಟಕಿಯಿಂದ ಹಿಂದಕ್ಕೆ ನೋಡುತ್ತಿದ್ದೆ.

ನಾನು ಮೂಡಿಗೆರೆಗೆ ಬಂದು ಆಗ ಎರಡು ವರ್ಷ. ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರಿಕೆ. ನಮ್ಮ ಮನೆಯವರು ಗದಗಿನಲ್ಲೇ ಪ್ರಿಂಟಿಂಗ್ ಪ್ರೆಸ್ ನೋಡಿಕೊಂಡಿದ್ದರು, ತಿಂಗಳಿಗೊಮ್ಮೆ ಬರುತ್ತಿದ್ದರು. ಇಲ್ಲಿ ನಾನು ಮತ್ತು ಏಳು ವರ್ಷದ ಮಗಳು ಸುಮಾ. ನಮ್ಮ ಕಡೆ ರೊಟ್ಟಿ ಒಣಗಿಸಿ ತಿಂಗಳು ಇಡುತ್ತೇವಲ್ಲ, ಹಾಗೆ ಬುಟ್ಟಿ ತುಂಬಾ ತಂದಿದ್ದೆ. ಹತ್ತೇ ದಿನಕ್ಕೆ ಅದರ ಮೇಲೆ ಹಸಿರು ಬೂಸ್ಟು ಬಂತು. ಚಪ್ಪಲಿಗೆ ಬಂತು, ಮದುವೆಯ ಇಳಕಲ್ ಸೀರೆಗೆ ಬಂತು. ಜನ ಮಾತ್ರ ಬಹಳ ಮೆದು. ಮೆದು ಅಂದರೆ ಎಷ್ಟು ಅಂತೀರಿ, ‘ಇಲ್ಲ’ ಎನ್ನುವ ಮಾತೇ ಬಾಯಿಗೆ ಬರುವುದಿಲ್ಲ. ‘ನೋಡುವ’ ಎನ್ನುತ್ತಾರೆ. ನೋಡುವ ಎಂದರೆ ಆಗುವುದಿಲ್ಲ ಎಂದು ಅರ್ಥವಾಗುವಷ್ಟರಲ್ಲಿ ನನ್ನ ಒಂದು ವರ್ಷ ಮುಗಿದಿತ್ತು. ನಮ್ಮವರು ಎದುರಿಗೇ ಬೈದು ಮರುಗಳಿಗೆಗೆ ಚಹಾ ಕುಡಿಸುತ್ತಾರೆ. ಇಲ್ಲಿ ಕಾಫಿ ಮೊದಲು ಬರುತ್ತದೆ, ಬೈಗುಳ ಯಾವತ್ತೂ ಬರುವುದಿಲ್ಲ, ಕೆಲಸವೂ ಆಗುವುದಿಲ್ಲ. ಬೈಯುವವರಿಲ್ಲದ ಊರಲ್ಲಿ ಇಷ್ಟು ಒಂಟಿತನ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಕಾರು ನನಗೆ ಶೋಕಿಗೆ ಬೇಕಾಗಿರಲಿಲ್ಲ. ಹಿಂದಿನ ಮಳೆಗಾಲದ ಒಂದು ಬೆಳಿಗ್ಗೆ ಸುಮಾಳಿಗೆ ಉಸಿರು ಕಟ್ಟಿತು. ಇಲ್ಲಿಯ ಶೀತಕ್ಕೆ ಅವಳಿಗೆ ದಮ್ಮು ಶುರುವಾಗಿತ್ತು. ತುಟಿ ನೀಲಿಯಾಗಿತ್ತು. ರಸ್ತೆಗೆ ಮರ ಬಿದ್ದು ಬಸ್ಸಿರಲಿಲ್ಲ, ಆಟೋ ಇರಲಿಲ್ಲ. ಮಗಳನ್ನು ಎತ್ತಿಕೊಂಡು ಪಕ್ಕದ ಎಸ್ಟೇಟಿನ ಗೌಡರ ಮನೆಗೆ ಓಡಿದೆ. ಗೇಟಿನಲ್ಲಿ ರೈಟರು ನಿಂತಿದ್ದರು. ರೈಟರು ಎಂದರೆ ಇಲ್ಲಿ ಕಥೆ ಬರೆಯುವವರಲ್ಲ, ತೋಟದ ಆಳುಗಳ ಹಾಜರಿ ಬರೆಯುವವರು. ನನ್ನನ್ನು, ಮಗುವನ್ನು ನೋಡಿ ಅವರು ಮೊದಲು ಕೇಳಿದ್ದು, ‘ನೀವು ಯಾರ ಕಡೆಯವ್ರು?’

ಗೌಡರು ಸ್ನಾನಕ್ಕೆ ಹೋಗಿದ್ದರು. ಅವರ ಅಪ್ಪಣೆಯಿಲ್ಲದೆ ಡ್ರೈವರು ಜೀಪು ಮುಟ್ಟಲಾರ. ಗೌಡರ ಮನೆಯವರು ಪಾಪ, ಮಗುವಿನ ಬೆನ್ನು ನೀವಿದರು, ನನಗೆ ಕಾಫಿ ಕೊಟ್ಟರು. ನನ್ನ ಮಗಳು ಗಾಳಿಗಾಗಿ ಒದ್ದಾಡುತ್ತಿದ್ದಾಳೆ, ನನ್ನ ಕೈಯಲ್ಲಿ ಕಾಫಿ ಲೋಟ! ಮುಕ್ಕಾಲು ಗಂಟೆಯಾದ ಮೇಲೆ ಗೌಡರು ಬಂದು, ಗಾಬರಿಯಾಗಿ, ತಾವೇ ಜೀಪು ಓಡಿಸಿದರು. ಆಸ್ಪತ್ರೆಯಲ್ಲಿ ನನ್ನಿಂದ ಒಂದು ಪೈಸೆ ಖರ್ಚು ಮಾಡಿಸಲಿಲ್ಲ. ಮಗಳು ಉಳಿದಳು. ಅಂದಿನಿಂದ ನಾನು ಊರಿಗೆಲ್ಲ ‘ಗೌಡ್ರ ಕಡೆಯ ಟೀಚರ್’ ಆದೆ. ಅವರ ಮೊಮ್ಮಗಳು ಸಂಜೆ ನಮ್ಮ ಮನೆಗೆ ಲೆಕ್ಕ ಕಲಿಯಲು ಬರತೊಡಗಿದಳು. ಬರಲಾ ಎಂದು ಯಾರೂ ಕೇಳಲಿಲ್ಲ, ಬರಬೇಡ ಎಂದು ನಾನೂ ಅನ್ನಲಿಲ್ಲ. ಮುಂದಿನ ಮಳೆಗಾಲಕ್ಕೆ ಯಾರ ಗೇಟಿನಲ್ಲೂ ನಿಲ್ಲುವುದಿಲ್ಲ ಎಂದು ಮಾತ್ರ ಮನಸ್ಸಿನಲ್ಲೇ ಆಣೆ ಹಾಕಿಕೊಂಡೆ.

ಗ್ಯಾರೇಜಿನ ಅಬ್ಬಾಸ್ ಸಾಹೇಬರು ತಮ್ಮ ಹಳೇ ಕಾರಿನಲ್ಲಿ ನನಗೆ ಡ್ರೈವಿಂಗ್ ಕಲಿಸಿದರು. ಬ್ಯಾಂಕಿನಲ್ಲಿ ಸಾಲ ಮಂಜೂರಾಯಿತು. ಆಗ ಕಾಫಿ ಬೆಲೆ ನೆಲ ಕಚ್ಚಿತ್ತು, ಪ್ಲಾಂಟರುಗಳು ಹೊಸ ಗಾಡಿಯ ಮಾತೇ ಆಡುತ್ತಿರಲಿಲ್ಲ. ಕೊಳ್ಳುವವರಿಲ್ಲದಿದ್ದರೆ ಬೆಲೆ ಇಳಿಯಬೇಕು, ಇದು ಗಣಿತ. ಹತ್ತು ಸಾವಿರ ಇಳಿಸಿರಿ ಎಂದು ಕೇಳಿದ್ದಕ್ಕೆ ಗಾಜಿನ ಕದ ತೆರೆದು ಕಳಿಸಿದರು.

ಮುಂದಿನ ಭಾನುವಾರ ಹಾಸನಕ್ಕೆ ಹೋದೆ. ಅಲ್ಲಿಯ ಶೋರೂಮಿನವನು ನನ್ನ ವಿಳಾಸ ಬರೆದುಕೊಂಡು, ‘ಮೂಡಿಗೆರೆ ನಮ್ಮ ಏರಿಯಾಕ್ಕೆ ಬರಲ್ಲ ಮೇಡಂ, ಚಿಕ್ಕಮಗಳೂರಲ್ಲೇ ಕೇಳಿ’ ಎಂದು ಕಾಗದ ಮಡಚಿ ಜೇಬಿಗಿಟ್ಟ. ಮತ್ತೆ ಚಿಕ್ಕಮಗಳೂರಿಗೆ ಹೋದರೆ ಮ್ಯಾನೇಜರು ನಗುತ್ತಲೇ ಎದ್ದ. ‘ಹಾಸನಕ್ಕೆ ಹೋಗಿದ್ರಂತೆ, ಅಲ್ಲಿಂದ ಫೋನ್ ಬಂದಿತ್ತು. ಸುಮ್ನೆ ಸುಸ್ತು ಮಾಡ್ಕೊಂಡ್ರಿ.’

‘ನಿಮ್ಮ ಕಾರಿನ ಮ್ಯಾಲೆ ಧೂಳು ಕುಂತೈತಿ, ಒಬ್ಬರೂ ಕೇಳವಲ್ರು. ಹತ್ತು ಸಾವಿರ ಇಳಸಾಕ ಏನ್ ಧಾಡಿ ನಿಮಗ?’ ಎಂದೆ.

ಅವನಿಗೆ ಕೋಪವೇ ಬರಲಿಲ್ಲ. ‘ನೋಡುವ ಮೇಡಂ’ ಎಂದು ಕಾಫಿ ತರಿಸಿದ. ಆ ಲೋಟ ಅವನ ಮೇಜಿನ ಮೇಲೇ ಬಿಟ್ಟು ಬಂದೆ.

ಅಬ್ಬಾಸ್ ಸಾಹೇಬರು ಕೇಳಿ ನಕ್ಕುಬಿಟ್ಟರು. ‘ನೀವೇ ಹೋಗಿ ಬೆಲೆ ಕೇಳಿದ್ರೆ ಯಾರು ಕೊಡ್ತಾರೆ ಟೀಚ್ರೆ? ಇಲ್ಲಿ ನಿಮ್ಮ ಪರವಾಗಿ ಇನ್ನೊಬ್ರು ಕೇಳ್ಬೇಕು.’

‘ಹಂಗಾರ ನೀವ ಕೇಳ್ರಿ.’

‘ನನ್ನ ಮಾತು ಅಲ್ಲಿ ವರ್ಕ್‌ಶಾಪಿನ ತನಕ ಮಾತ್ರ ಮಾರಾಯ್ರೆ. ಮ್ಯಾನೇಜರ ಮೇಜಿನ ತನಕ ಹೋಗಲ್ಲ.’

ಮೇ ಮುಗಿಯುತ್ತಾ ಬಂದಿತ್ತು. ಸುಮಾ ಆಗಲೇ ಎರಡು ಸಲ ಕೆಮ್ಮಿ ಎದ್ದು ಕೂತಿದ್ದಳು. ಹಾಳಾಗಿ ಹೋಗಲಿ, ಪೂರ್ತಿ ಬೆಲೆಯೇ ಕೊಟ್ಟುಬಿಡೋಣ ಎಂದು ಮೂರನೇ ಸಲ ಹೋದೆ. ಮ್ಯಾನೇಜರು ಬಾಗಿಲಲ್ಲೇ ಕೈ ಮುಗಿದ. ‘ನಿಮ್ದು ಆಗಿದೆ ಮೇಡಂ. ಹದಿನೈದು ಸಾವಿರ ಕಮ್ಮಿ ಮಾಡಿದೀವಿ, ಸೀಟ್ ಕವರು ಬೇರೆ. ಗೌಡ್ರು ಫೋನ್ ಮಾಡಿದ್ರು. ಅವ್ರ ಕಡೆಯವ್ರು ಅಂತ ಮೊದ್ಲೇ ಹೇಳ್ಬಾರ್ದಾ?’

ಅಬ್ಬಾಸ್ ಸಾಹೇಬರ ಕೆಲಸವೆಂದು ತಕ್ಷಣ ಗೊತ್ತಾಯಿತು. ಒಳ್ಳೆಯದಕ್ಕೇ ಗೌಡರಿಗೆ ಹೇಳಿದ್ದರು, ಆದರೂ ಅವರ ಮೇಲೆ ಮೈಯೆಲ್ಲ ಉರಿಯಿತು. ನಾನು ಕೇಳಿದ್ದಕ್ಕಿಂತ ಐದು ಸಾವಿರ ಹೆಚ್ಚೇ ಇಳಿದಿತ್ತು. ಹದಿನೈದು ಸಾವಿರ ಆಗ ನನ್ನ ಎರಡು ತಿಂಗಳ ಸಂಬಳ. ಒಂದು ಕ್ಷಣ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ಕಾರಿನ ಸ್ಟಿಯರಿಂಗ್ ಹಿಡಿದಾಗಲೆಲ್ಲ ಕೈಯಲ್ಲಿ ಆ ಕಾಫಿ ಲೋಟವೇ ಇರುತ್ತದೆ ಅನಿಸಿತು.

‘ಬ್ಯಾಡ. ಪೂರಾ ಬೆಲಿ ಬರೀರಿ.’

ಅವನ ಮುಖದ ನಗು ಮೊದಲ ಸಲ ಮಾಯವಾಯಿತು. ‘ಅಲ್ಲ ಮೇಡಂ, ಗೌಡ್ರಿಗೆ ನಾನೇನ್ ಹೇಳ್ಲಿ?’

‘ಟೀಚರ್ ಯಾರ ಕಡೆಯಾಕೀನೂ ಅಲ್ಲಂತ ಹೇಳ್ರಿ.’

ನನ್ನ ಗೆಲುವು ಅದು, ಗೆಲುವೆನ್ನುವುದಾದರೆ. ಕಾರು ಮನೆಗೆ ಬಂದ ವಾರವೇ ಗೌಡರು ಬಸ್ ಸ್ಟ್ಯಾಂಡಿನ ಹತ್ತಿರ ಸಿಕ್ಕರು. ‘ಗಾಡಿ ತಗೊಂಡ್ರಂತೆ ಟೀಚ್ರೆ, ಒಳ್ಳೇದಾಯ್ತು’ ಎಂದರು, ಅದೇ ಮೆದು ದನಿಯಲ್ಲಿ. ಮರುದಿನದಿಂದ ಮೊಮ್ಮಗಳು ಲೆಕ್ಕಕ್ಕೆ ಬರಲಿಲ್ಲ. ಗದಗಿಗೆ ಫೋನ್ ಮಾಡಿ ಹೇಳಿದರೆ ನಮ್ಮಣ್ಣ, ‘ಇಳಿಸಿದ ರೊಕ್ಕ ಬ್ಯಾಡ ಅಂದ್ಯಾ? ಆ ಮಳಿಯಾಗ ನಿನ್ನ ತೆಲಿಗೂ ಬೂಸ್ಟ್ ಬಂದೈತಿ’ ಎಂದು ಉಗಿದ. ಆ ಊರಿಗೂ ಈ ಊರಿಗೂ ನಾನು ಮಾಡಿದ್ದು ಅರ್ಥವಾಗಲಿಲ್ಲ. ಆ ಮಳೆಗಾಲದಲ್ಲಿ ಸುಮಾಳನ್ನು ಎರಡು ಸಲ ಆಸ್ಪತ್ರೆಗೆ ಒಯ್ದೆ, ಎರಡು ಸಲವೂ ಹತ್ತು ನಿಮಿಷದೊಳಗೆ. ಅದಕ್ಕಾಗಿ ನಾನು ಯಾರ ಮುಖವನ್ನೂ ನೋಡಬೇಕಾಗಲಿಲ್ಲ.

ಇಷ್ಟಕ್ಕೇ ಮುಗಿಸಿದ್ದರೆ ನೀವು ನನ್ನನ್ನು ಹೊಗಳುತ್ತಿದ್ದಿರೇನೋ. ಆದರೆ ಮೂರು ವರ್ಷ ಕಳೆದ ಮೇಲೆ, ಒಂದು ಆಷಾಢದ ಮಧ್ಯಾಹ್ನ, ಮಳೆಗೆ ಶಾಲೆ ರಜೆ ಕೊಟ್ಟಿದ್ದರು. ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದೆ. ಪ್ಲಾಸ್ಟಿಕ್ ಕೊಪ್ಪೆ ಹೊದ್ದ ಒಬ್ಬ ಮನುಷ್ಯ ಗೇಟಿನ ಹತ್ತಿರ ಬಂದು ನಿಂತ. ‘ಮೇಡಂ, ಗಾಡಿ ಬೇಕಿತ್ತು, ಆಸ್ಪತ್ರೆಗೆ’ ಎಂದ.

ನಾನು ಕೂತಲ್ಲಿಂದಲೇ ಬಹಳ ಮೆದುವಾಗಿ ಕೇಳಿದೆ, ‘ನೀವು ಯಾರ ಕಡೆಯವ್ರು?’

‘ಯಾರೂ ಇಲ್ರಿ ಅಕ್ಕಾರ ನಮಗಿಲ್ಲಿ’ ಎಂದ ಅವನು. ‘ಕುಷ್ಟಗಿಯಿಂದ ತ್ವಾಟದ ಕೆಲಸಕ್ಕ ಬಂದೀವ್ರಿ. ಹೇಣ್ತಿ ಹೆರಿಗಿ ಬ್ಯಾನಿ ತಿನ್ನಾಕತ್ಯಾಳ್ರಿ.’

ಲೋಟ ಎಲ್ಲಿಟ್ಟೆನೋ ನೆನಪಿಲ್ಲ. ನಾಚಿಕೆಯಿಂದ ಮುಖ ಸುಡುತ್ತಿತ್ತು, ಕೀಲಿ ಹುಡುಕಿ ಕಾರಿನ ಕಡೆ ಓಡಿದೆ. ಅವರ ಬಿಡಾರದ ತನಕ ಗಾಡಿ ಒಯ್ದು, ಅವನ ಹೆಂಡತಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಒದ್ದೆ ಬೆನ್ನು ಸೀಟಿಗೆ ತಾಗದಂತೆ ಅವನು ಮುಂದಕ್ಕೆ ಬಾಗಿ ಕೂತ. ‘ಆರಾಮ ಕುಂಡ್ರಪ್ಪಾ’ ಎಂದೆ. ಹೊರಗಿನವರೊಂದಿಗೆ ಅಷ್ಟು ದಿನದ ಮೇಲೆ ಆಡಿದ ನಮ್ಮ ಕಡೆಯ ಆ ಮಾತು ನನ್ನ ಬಾಯಲ್ಲೇ ಎಲ್ಲೋ ತಡವರಿಸಿತು.

ಆಸ್ಪತ್ರೆಯ ತಿರುವಿನಲ್ಲಿ ಅವನು ಕೇಳಿದ, ‘ನಿಮ್ದ ಯಾವೂರ್ರೀ ಅಕ್ಕಾರ?’

‘ಗದಗ’ ಎಂದೆ.

‘ಹೌದ್ರೀ?’ ಎಂದ ಅವನು. ನಂಬಲಿಲ್ಲವೆಂದು ಕನ್ನಡಿಯಲ್ಲಿ ಕಂಡಿತು.