ಹೂಂ ಅನ್ನಿಸಿದ ತಾತ

ಮೊನ್ನೆ ಕನಕಪುರದ ಬಸ್ ಸ್ಟ್ಯಾಂಡಿನ ಹಿಂದೆ ಯಾವುದೋ ಮೆರವಣಿಗೆಗೆ ಬಂದವರು ಒಣಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸುತ್ತಿದ್ದರು. ಬಿಸಿಯಾದ ಚರ್ಮದ ಆ ವಾಸನೆ ಮೂಗಿಗೆ ಬಂದಿದ್ದೇ ತಡ, ನಮ್ಮ ಪಕ್ಕದ ಮನೆಯ ತಾತ ಎದುರಿಗೆ ಬಂದು ಕೂತಂತಾಯಿತು. ನನ್ನ ಬಸ್ಸು ಹೊರಟುಹೋಯಿತು. ನಾನು ಅಲ್ಲೇ ನಿಂತಿದ್ದೆ...

ನಾವು ಇರುಳಿಗರು. ನಮ್ಮ ಹಿರಿಯರು ಬೆಟ್ಟದಲ್ಲಿ ಜೇನು ಬಿಡಿಸಿ, ಗೆಣಸು ಅಗೆದು ಬದುಕಿದವರು. ನಮ್ಮ ಕಾಲಕ್ಕೆ ಬೆಟ್ಟದ ಬುಡದ ಕಾಲೊನಿ, ಕೂಲಿ, ನನ್ನಂಥ ಕೆಲವರಿಗೆ ಹಾರೋಹಳ್ಳಿಯ ಫ್ಯಾಕ್ಟರಿ. ತಾತ ಹತ್ತಿರದ ಮಾವಿನ ತೋಟವೊಂದನ್ನು ಕಾಯುತ್ತಿದ್ದರು. ಸಂಬಂಧದಲ್ಲಿ ನನಗೇನೂ ಆಗಬೇಕಿರಲಿಲ್ಲ. ಕಾಲೊನಿಗೆಲ್ಲ ಅವರು ತಾತ. ಭಾನುವಾರ ಮಧ್ಯಾಹ್ನ ಹೊಂಗೆ ಮರದ ಕೆಳಗೆ ತಮಟೆ ಇಟ್ಟುಕೊಂಡು ಕೂರುವರು. ಗಂಡಸರು ಒಬ್ಬೊಬ್ಬರೇ ಬಂದು ಸೇರುವರು. ಸ್ವಲ್ಪ ಹಾಡು, ಸ್ವಲ್ಪ ಕತೆ. ಕುಡಿದು ಬಂದವನನ್ನೂ ಅವರು ಎಬ್ಬಿಸಿ ಕಳಿಸಿದ್ದು ನಾನು ಕಾಣೆ. "ಕೂತ್ಕೊ, ತಮಟೆ ಮಾತ್ರ ಮುಟ್‌ಬ್ಯಾಡ" ಅನ್ನುತ್ತಿದ್ದರು, ಅಷ್ಟೆ.

ಮೊದಮೊದಲು ನಾನು ಆ ಮರದ ಕಡೆ ಹೋದವನಲ್ಲ. ಒಂದು ವರ್ಷ ಸಾತನೂರು ರಸ್ತೆಯಲ್ಲಿ ನನ್ನ ತಮ್ಮನ ಬೈಕಿಗೆ ಲಾರಿ ಗುದ್ದಿತು. ಆಸ್ಪತ್ರೆ ಸೇರುವ ಮೊದಲೇ ಅವನು ಹೋಗಿದ್ದ. ಮಣ್ಣು ಮಾಡಿ ಬಂದು ಗೋಡೆಗೆ ಮುಖ ಮಾಡಿ ಮಲಗಿದವನು ಡ್ಯೂಟಿಗೆ ಏಳಲಿಲ್ಲ. ಉಣ್ಣು ಅಂದರೆ ಉಣ್ಣುತ್ತಿದ್ದೆ. ಮಾತು ಬೇಡವೆಂದಲ್ಲ, ಅದು ಗಂಟಲ ತನಕ ಬರುತ್ತಲೇ ಇರಲಿಲ್ಲ. ಹೆಂಡತಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಮಾತ್ರೆ ಕೊಟ್ಟು, "ಇವರನ್ನ ಒಬ್ಬರೇ ಬಿಡಬೇಡಿ, ಜನರ ಜೊತೆ ಕೂರಿಸಿ" ಅಂದರು. ಆದರೆ ಮನೆಗೆ ಬಂದ ಜನರೆಲ್ಲ, "ಗಂಡ್ಸಾಗಿ ಹಿಂಗ್ ಕುಂತ್ರೆ ಹೆಂಗ್ಲಾ" ಅಂದು ಎದ್ದುಹೋಗುತ್ತಿದ್ದರು.

ಒಂದು ಭಾನುವಾರ ತಾತ ಬಾಗಿಲಿಗೆ ಬಂದರು.

"ಮಾತ್ರೆ ನುಂಗುದ್ಯೇನ್ಲಾ?"

ತಲೆಯಾಡಿಸಿದೆ.

"ಹಂಗಾರೆ ಎದ್ದು ಬಾ. ನನ್ ಕತೆಗೆ ಹೂಂ ಅನ್ನೋರಿಲ್ಲ."

ಕತೆ ಹೇಳುವಾಗ ಕೇಳುವವರಲ್ಲಿ ಒಬ್ಬ ಹೂಂಗುಟ್ಟಬೇಕು, ಅದು ನಮ್ಮಲ್ಲಿ ಪದ್ಧತಿ. ಹಿರಿಯರ ಮಾತು ಮೀರಲಾಗದೆ ಹೊಂಗೆ ಮರದ ಕೆಳಗೆ ಹೋಗಿ ಕೂತೆ. ತಾತ ತಮಟೆಗೆ ಎರಡು ಪೆಟ್ಟು ಹಾಕಿ, "ಒಂದ್ ಬೆಟ್ಟದ್ ಮ್ಯಾಲೆ ಒಬ್ಳು ಮುದ್ಕಿ ಇದ್ಳು" ಅಂದು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರು ಬೀಡಿ ಹಚ್ಚಿದರು.

"ಹೇಳು ತಾತ" ಅಂದ ಯಾರೋ.

"ಅವ್ನು ಹೂಂ ಅನ್ಲಿ. ನಂಗೇನ್ ಅವಸ್ರ?"

ಯಾರೂ ನನ್ನ ಕಡೆ ನೋಡಲಿಲ್ಲ. ಒಬ್ಬ ಎಲೆಗೆ ಸುಣ್ಣ ಸವರುತ್ತಿದ್ದ, ಒಬ್ಬ ಚಪ್ಪಲಿಯ ಮುಳ್ಳು ಕೀಳುತ್ತಿದ್ದ. ಬೀಡಿ ಮುಗಿಯಿತು. ಕೊನೆಗೆ ನನ್ನದಲ್ಲದ ದನಿಯಲ್ಲಿ ಒಂದು "ಹೂಂ" ಹೊರಬಂತು. ಮುದುಕಿ ಬೆಟ್ಟ ಇಳಿದಳು.

ಆಮೇಲೆ ವಾರ ವಾರವೂ ಹೋದೆ. ನನ್ನ ಬಾಯಿಂದ ಅದೊಂದೇ ಮಾತು. ತಾತ ಬೇರೇನನ್ನೂ ಕೇಳಲಿಲ್ಲ.

ಮಳೆಗಾಲದ ಹೊತ್ತಿಗೆ ಅವರು ಜೇನಿಗೆ ಹೋದ ಅಣ್ಣತಮ್ಮಂದಿರ ಕತೆ ಎತ್ತಿಕೊಂಡರು. ಬಳ್ಳಿಯ ಏಣಿ ಹಿಡಿದು ಬಂಡೆಯಿಂದ ಇಳಿಯುವವನು ತಮ್ಮ. ಕೆಳಗಿರುವವನಿಗೆ ಹೆದರಿಕೆಯಾಗದಿರಲೆಂದು ಮೇಲೆ ಅಣ್ಣ ಹಾಡುತ್ತಾನೆ. ತಾತ ಆ ಹಾಡು ಹಾಡತೊಡಗಿದರು. ತಮಟೆಯ ಪೆಟ್ಟು ಮೆಲ್ಲಗಾಯಿತು.

"ಬಳ್ಳಿ ಕಿತ್ತೋಯ್ತದಾ ತಾತ?" ಅಂದೆ.

ಅವರು ತಮಟೆಯನ್ನು ಪಕ್ಕಕ್ಕಿಟ್ಟರು. "ಅದಿರ್ಲಿ. ನಿನ್ ತಮ್ಮ ಹೆಂಗಿದ್ದ, ನೀನೇಳು. ನಾವು ಹೂಂ ಅಂತೀವಿ."

ಹೇಳಿದೆ. ಅವನಿಗೆ ಈಜು ಬಾರದಿದ್ದರೂ ಮೊದಲು ನೀರಿಗೆ ಹಾರುತ್ತಿದ್ದವನು ಅವನೇ ಎಂಬುದನ್ನು. ನನ್ನ ಅಂಗಿ ಹಾಕಿಕೊಂಡು ಹೆಣ್ಣು ನೋಡಲು ಹೋದದ್ದನ್ನು. ಆ ಬೆಳಿಗ್ಗೆ "ಅಣ್ಣ, ಬತ್ತೀನಿ" ಅಂದದ್ದನ್ನು... ಒಂದೊಂದು ಮಾತಿಗೂ ಎಲ್ಲರೂ ಸೇರಿ ಹೂಂ ಅಂದರು. ಕುಡಿದಿದ್ದವನೂ ಅಂದ. ಮಣ್ಣು ಮಾಡಿದ ದಿನ ಬಾರದ ಅಳು ಅವತ್ತು ಬಂತು. ಯಾರೂ ಸುಮ್ಮನಿರು ಅನ್ನಲಿಲ್ಲ. ತಾತ ತಮಟೆಯನ್ನು ಮತ್ತೆ ಕೈಗೆತ್ತಿಕೊಂಡು, ನಾನು ಅಳುತ್ತಿದ್ದಷ್ಟು ಹೊತ್ತು ಮೆಲ್ಲಗೆ ಬಡಿಯುತ್ತಲೇ ಇದ್ದರು.

ದುಃಖ ಅಂದೇ ಮುಗಿಯಿತೆಂದಲ್ಲ. ಮಾತ್ರೆಯನ್ನು ಇನ್ನೂ ಬಹಳ ದಿನ ನುಂಗಿದೆ. ಆದರೆ ಡ್ಯೂಟಿಗೆ ಹೋದೆ, ಹೆಂಡತಿಯೊಡನೆ ಜಗಳವಾಡುವಷ್ಟು ಮಾತು ಬಂತು.

ಎರಡು ಮಳೆಗಾಲದ ಹಿಂದೆ ಜ್ವರವೊಂದು ತಾತನನ್ನು ಕರೆದುಕೊಂಡು ಹೋಯಿತು. ಅಣ್ಣತಮ್ಮಂದಿರ ಕತೆಯ ಕೊನೆಯನ್ನು ನಾನು ಕೇಳಿಟ್ಟುಕೊಳ್ಳಲಿಲ್ಲ. ಈಗ ಕಾಲೊನಿಯಲ್ಲಿ ಅದು ಯಾರಿಗೂ ಗೊತ್ತಿಲ್ಲ.

ಕಳೆದ ಭಾನುವಾರ ಬೆಟ್ಟದ ಆಚೆ ಮಗ್ಗುಲ ಕಾಲೊನಿಯಿಂದ ನನ್ನ ಸಂಗತಿ ಕೇಳಿದ್ದ ಒಬ್ಬ ತಾಯಿ ನನಗೆ ಹೇಳಿಕಳಿಸಿದ್ದಳು. ಹೆಂಡತಿ ತೀರಿಕೊಂಡ ಮೇಲೆ ಅವಳ ಮಗ ಮಾತು ಬಿಟ್ಟಿದ್ದನಂತೆ. ನನಗೆ ಹಾಡಲು ಬಾರದು. ಆದರೂ ಹೋಗಿ ಅವನ ಪಕ್ಕ ಕೂತು ಮುದುಕಿಯ ಕತೆ ಹೇಳಿದೆ. ಅರ್ಧ ಮರೆತಿತ್ತು, ಮರೆತ ಕಡೆ ಮರೆತೆ ಅಂದೆ. ಅವನು ಹೂಂ ಅನ್ನಲಿಲ್ಲ. ನಾನು ಎದ್ದು ಹೊರಟಾಗ ಮಾತ್ರ, "ಬರೋ ವಾರಾನೂ ಬತ್ತೀಯಾ?" ಅಂದ.

"ಬತ್ತೀನಿ" ಅಂದೆ.

ಹಿಂದಿರುಗುವಾಗ ಈ ಸುದ್ದಿ ಹೇಳಲೆಂದು ಕಾಲು ತಾನಾಗಿ ಮಾವಿನ ತೋಟದ ಗೇಟಿನ ಕಡೆ ತಿರುಗಿತ್ತು. ಹೊಸ ಕಾವಲುಗಾರ ಎದ್ದು ಬಂದು ಯಾರು ಬೇಕೆಂದು ಕೇಳಿದ. ಹಳೇ ತಾತ ಅಂದೆ.

"ಅವ್ರು ಹೋಗ್ಬುಟ್ರಲ್ಲಣ್ಣ, ಗೊತ್ತಾಗ್ಲಿಲ್ವಾ?"

"ಗೊತ್ತು" ಅಂದು, ಸ್ವಲ್ಪ ಹೊತ್ತು ಅಲ್ಲೇ ನಿಂತೆ.