ರೊಟ್ಟಿ ಯಂತ್ರದ ಕಥೆ ಯಾವ ಪುಟಕ್ಕೆ?

ಪುಣೆಯ ನಮ್ಮ ಕನ್ನಡ ಬಳಗ ಮರಾಠಿಗರಿಂದ ಕಲಿತ ಒಳ್ಳೆಯ ಚಟವೆಂದರೆ ದೀಪಾವಳಿ ಅಂಕ, ಅಂದರೆ ಹಬ್ಬದ ವಿಶೇಷಾಂಕ. ಪ್ರತಿ ಅಂಕಕ್ಕೂ ಒಂದು ವಿಷಯ. ಕಳೆದ ಸಲ ವೈಜ್ಞಾನಿಕ ಕಥೆ. ಇಂಥ ಕಥೆಗಳ ಇತಿಹಾಸ ಹೇಳುವ ಮುನ್ನುಡಿ ನನ್ನ ಪಾಲಿಗೆ ಬಂತು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು, ಜಗಳ ಬಂದರೆ ನಿಭಾಯಿಸುತ್ತಾಳೆ ಎಂದು ಎಲ್ಲರ ನಂಬಿಕೆ. ತಪ್ಪು ನಂಬಿಕೆಯೇನಲ್ಲ.

ಜಗಳ ಬಂದೇ ಬಂತು. ವಿಮಾನ ನಗರದ ಫ್ಲಾಟೊಂದರಲ್ಲಿ ಭಾನುವಾರದ ಸಭೆ. ಸಂಪಾದಕರು ಧಾರವಾಡದವರು, ನಿವೃತ್ತ ಸಂಸ್ಕೃತ ಪ್ರಾಧ್ಯಾಪಕರು, ನಮಗೆಲ್ಲ ಕಾಕಾ. ಅವರ ಪ್ರಕಾರ ವೈಜ್ಞಾನಿಕ ಕಥೆ ಹುಟ್ಟಿದ್ದು ಪುರಾಣದಲ್ಲಿ. ಪುಟವಿನ್ಯಾಸ ಮಾಡುವ ಮೈಸೂರಿನ ಸಾಫ್ಟ್‌ವೇರ್ ಗೆಳೆಯನ ಪ್ರಕಾರ, ಯುರೋಪಿನ ಕಾರ್ಖಾನೆಗಳ ಹೊಗೆಯಲ್ಲಿ.

"ಆಕಾಶದಾಗ ರಥ ಹಾರಿಸಿದವರು ನಾವಪಾ. ವಿಮಾನ ನಗರದಾಗ ಕೂತು ಇಲ್ಲ ಅಂತೀಯೇನು?"

"ಆ ರಥ ಹೆಂಗೆ ಹಾರ್ತು ಅಂತ ಎಲ್ಲಾದ್ರೂ ಇದೆಯಾ ಕಾಕಾ? ಲಾಜಿಕ್ ಇಲ್ದಿದ್ರೆ ಅದು ಬರೀ ಮ್ಯಾಜಿಕ್."

ಅಷ್ಟರಲ್ಲಿ ಅವನ ಲ್ಯಾಪ್‌ಟಾಪಿನಲ್ಲಿ ಅಂಕದ ಪುಟಗಳು ಕಂಡವು. ನನ್ನ ಸೋದರತ್ತೆಯ ಕಥೆ 'ಅಡುಗೆಮನೆ' ವಿಭಾಗದಲ್ಲಿ, ಕರ್ಜಿಕಾಯಿ ಮಾಡುವ ವಿಧಾನದ ಪಕ್ಕದಲ್ಲಿ ಕೂತಿತ್ತು!

ಅತ್ಯಾ ನನ್ನ ಪಕ್ಕದಲ್ಲೇ ಇದ್ದರು. ಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಬರೆದದ್ದನ್ನು ಅಚ್ಚಿಗೆಂದು ಕೊಟ್ಟದ್ದು ಇದೇ ಮೊದಲು. ಅವರ ಕಥೆಯಲ್ಲಿ ಒಂದು ಯಂತ್ರ, ಮನೆಯ ಮುದುಕಿ ರೊಟ್ಟಿ ಬಡಿಯುವಾಗ ಅಂಗೈ ಎಲ್ಲಿ ಎಷ್ಟು ಒತ್ತುತ್ತದೆಂದು ಅಳೆದು ಕಲಿಯುತ್ತದೆ. ಮುದುಕಿ ತೀರಿಕೊಂಡ ಮೇಲೂ ಮನೆಯವರು ಅವಳ ಕೈರೊಟ್ಟಿಯನ್ನೇ ಉಣ್ಣುತ್ತಾರೆ. ಸೊಸೆ ತನ್ನ ಕೈಯ ಹದವನ್ನು ಅದಕ್ಕೆ ಕಲಿಸಹೋದರೆ ಯಾರೂ ಬಿಡುವುದಿಲ್ಲ.

"ಇದು ಇಲ್ಲ್ಯಾಕ ಬಂತ್ರಿ ಕಾಕಾ?" ನಾನು ಕೇಳಿದೆ.

"ರೊಟ್ಟಿ ಅದಲ್ಲವಾ ಅದರಾಗ!" ಕಾಕಾನಿಗೆ ನಿಜವಾಗಿಯೂ ಆಶ್ಚರ್ಯ. "ಹೆಣ್ಣಮಕ್ಕಳು ಮೊದಲ ಆ ಪುಟಾನ ತಗೀತಾರ. ಭಾಳ ಮಂದಿ ಓದ್ತಾರ."

"ಸ್ಪೇಸ್ ಇಲ್ಲ, ಏಲಿಯನ್ ಇಲ್ಲ," ಗೆಳೆಯನೂ ದನಿಗೂಡಿಸಿದ. "ಫ್ಯಾಮಿಲಿ ಸ್ಟೋರಿ ಥರ ಇದೆ."

ಬೆಳಗಿನಿಂದ ಕಚ್ಚಾಡುತ್ತಿದ್ದವರಿಗೆ ಇಲ್ಲಿ ಒಮ್ಮತ! ಅತ್ಯಾ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಇರ್ಲಿ ಬಿಡವಾ. ನಂದು ಛಾಪಸೂದ ಬ್ಯಾಡ ಅಂತ ಹೇಳು."

ಎದುರಾಳಿಯ ವ್ಯಾಖ್ಯೆಯನ್ನು ಅಲ್ಲಗಳೆದರೆ ಅರ್ಧ ದಿನ ಹೋಗುತ್ತದೆ. ಅದನ್ನೇ ಕಡ ಪಡೆದರೆ ಕೆಲಸ ಬೇಗ ಆಗುತ್ತದೆ.

"ಕಾಕಾ, ವೈಜ್ಞಾನಿಕ ಕಥಿ ಅನ್ನಾಕ ನಿಮ್ಮ ಅಳತಿ ಏನ್ರಿ?"

"ಇನ್ನೂ ಇಲ್ಲದ್ದನ್ನ ಕಣ್ಣಿಗೆ ಕಟ್ಟಿಸಬೇಕು."

"ಇಂಥಾ ಯಂತ್ರ ನಿಮ್ಮ ಮನ್ಯಾಗ ಅದ ಏನ್ರಿ?"

"ಇದ್ದಿದ್ರ ನಿಮ್ಮ ಕಾಕೂ ನನ್ನ ಕಡೆ ಹಿಟ್ಟು ನಾದಸ್ತಿದ್ಲೇನು?"

ಎಲ್ಲರೂ ನಕ್ಕರು. ನಾನು ಗೆಳೆಯನತ್ತ ತಿರುಗಿದೆ. "ನಿಂದು?"

"ಅದು ಹೆಂಗೆ ಕೆಲ್ಸ ಮಾಡತ್ತೆ ಅಂತ ಇರ್ಬೇಕು. ಅದ್ರಿಂದ ಜನರ ಲೈಫ್ ಹೆಂಗೆ ಬದಲಾಗತ್ತೆ..." ಹೇಳುತ್ತಲೇ ಅವನ ದನಿ ತಗ್ಗಿತು. ಅತ್ಯಾ ಬರೆದದ್ದೇ ಅದು. ಅವನು ಮೆಚ್ಚಿ ಆರಿಸಿದ್ದ ಕಥೆಯ ಗಗನನೌಕೆಯಾದರೋ ಬೆಳಕನ್ನೇ ಹಿಂದಿಕ್ಕುತ್ತಿತ್ತು; ಹೇಗೆ ಎಂಬ ಮಾತೇ ಇರಲಿಲ್ಲ. ಕಾಕಾನ ರಥಕ್ಕೂ ಅದಕ್ಕೂ ಅಣ್ಣತಮ್ಮಂದಿರ ಸಂಬಂಧ.

"ಇಬ್ಬರ ಪರೀಕ್ಷಾದಾಗೂ ಪಾಸಾದದ್ದು ಇದೊಂದ ಕಥಿ," ಎಂದೆ. "ಕರ್ಜಿಕಾಯಿ ಪಕ್ಕ ಇನ್ಯಾವುದನ್ನ ಇಡ್ತೀರಿ, ನೀವ ಹೇಳ್ರಿ."

ಕಾಕಾ ಕೈಮುಗಿದರು. "ತಗೋರವಾ, ಕಥಿಗಳ ಪುಟಕ್ಕ ತಗೋರಿ. ಈಕಿ ಬಾಯಿಗೆ ಬಿದ್ದವರು ಉಳೀತಾರೇನು?"

ಅತ್ಯಾ ಕಥೆ ಕೊಡಲು ಒಪ್ಪಿದರು. ಮುನ್ನುಡಿಯಲ್ಲಿ ಕಾಕಾನಿಗೊಂದು ಪ್ಯಾರಾ, ಗೆಳೆಯನಿಗೊಂದು ಪ್ಯಾರಾ ಕೊಟ್ಟೆ. ಪ್ರತಿಯೊಬ್ಬರೂ ಇತಿಹಾಸವನ್ನು ತಮ್ಮ ಮನೆಯ ಅಂಗಳದಿಂದಲೇ ಶುರು ಮಾಡುತ್ತಾರೆ ಎಂದೂ ಬರೆದೆ. ಕೊನೆಗೆ, ಅತ್ಯಾ ಪುಣೆಯ ಕನ್ನಡಿಗರಲ್ಲಿ ಮೊದಲ ವೈಜ್ಞಾನಿಕ ಕಥೆಗಾರ್ತಿ ಎಂದು ಸೇರಿಸಿದೆ.

ಕರಡು ಓದಿದ ಅತ್ಯಾ ಪೆನ್ನು ಕೇಳಿದರು. 'ಮೊದಲ' ಎಂಬುದರ ಮೇಲೆ ಗೆರೆ ಬಿತ್ತು.

"ನನಕಿಂತ ಹಿಂದ ಯಾರೂ ಬರದಿಲ್ಲಂತ ನಿನಗ ಯಾರ ಹೇಳಿದ್ರು? ಹುಡುಕಿ ನೋಡೀಯೇನು?"

ಹುಡುಕಿರಲಿಲ್ಲ. ಈಗ ಬಳಗದ ಹಳೆಯ ಅಂಕಗಳನ್ನು ಮನೆಗೆ ತಂದು ಓದುತ್ತಿದ್ದೇನೆ.